ಲೇಬಲ್ ಕಿತ್ತವಳು

ನಮ್ಮಜ್ಜಿ ನೀರು ಕುಡಿದು ಸತ್ತಳು.

ಏಪ್ರಿಲ್ ತಿಂಗಳ ಬಿಸಿಲು. ಶುಂಠಿ ಬೀಜ ಅದ್ದುವ ಕೆಲಸ. ಬಾಯಾರಿತ್ತು, ಕುಡಿದಳು. ಇಷ್ಟನ್ನು ಬರೆದುಕೊಳ್ಳೋಕೆ ಪೊಲೀಸಿನವರಿಗೆ ಅರ್ಧ ಹಗಲು ಹಿಡಿಯಿತು. ಮೊದಲು ಅವರು ಬರೆದದ್ದೇ ಬೇರೆ. ಅದಕ್ಕೇ ಎಲ್ಲವನ್ನೂ ಬುಡದಿಂದ ಹೇಳ್ತೀನಿ.

ನಾನು ಸಿಂಧು. ಅಜ್ಜಿ ಮಹದೇವಮ್ಮ. ನಮ್ಮೂರು ಹಳೇಬೀಡಿನಿಂದ ಹುಲಿಕೆರೆ ಕಡೆ ಹೋಗೋ ದಾರಿಯಲ್ಲಿದೆ. ನಮ್ಮ ಕೇರಿ ಊರಿನಿಂದ ಒಂದು ಹೊಲದಷ್ಟು ಆಚೆ. ನನಗೆ ಮೂರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ಅಜ್ಜಿಯೇ ಎಲ್ಲ. ಮುದ್ದೆ ಚಿಕ್ಕದಾದ ದಿನ ಕತೆ ದೊಡ್ಡದು ಮಾಡುತ್ತಿದ್ದಳು.

ಅವಳ ಒಂದು ಕತೆಯಲ್ಲಿ ಕೊಳದ ತಳದಲ್ಲಿ ಒಂದು ಊರು. ಮೇಲಿನ ಲೋಕದ ಹುಡುಗಿಯೊಬ್ಬಳು ಕಾಲು ಜಾರಿ ಅಲ್ಲಿಗೆ ಹೋಗ್ತಾಳೆ. ಆ ಊರಿನ ರಾಣಿ ಕೇಳ್ತಾಳೆ, ನಿಮ್ಮಲ್ಲಿ ನೀರು ಹೆಂಗೆ ಕುಡೀತೀರಿ? ಹುಡುಗಿ ಹೇಳ್ತಾಳೆ, ಅವರು ಮೇಲಿಂದ ಹುಯ್ತಾರೆ, ನಾವು ಕೆಳಗೆ ಹಿಡೀತೀವಿ. ರಾಣಿಗೆ ಎಷ್ಟು ಹೇಳಿದರೂ ಅರ್ಥ ಆಗಲ್ಲ. ಅದ್ಯಾಕೆ ಮೇಲಿಂದ? ಅದ್ಯಾಕೆ ಹುಯ್ಬೇಕು? ನಾನು ಬಿದ್ದು ಬಿದ್ದು ನಗ್ತಿದ್ದೆ. ಅಜ್ಜಿ ನಗ್ತಿರಲಿಲ್ಲ. ದೊಡ್ಡವಳಾಗಿ ಪಿಯುಸಿ ಮುಗಿಸಿದ ಮೇಲೂ ನನಗೆ ಕೆರೆ ಕಂಡರೆ ತಳದ ಊರೇ ಕಾಣುತ್ತಿತ್ತು. ಕೆಲಸ ಮಾಡ್ತಾ ಮಾಡ್ತಾ ಎಲ್ಲಿಗೋ ಹೋಗಿಬಿಡ್ತಿದ್ದೆ. ಸಾವ್ಕಾರ್ರು ಕೂಗಿ ಕರೆದರೆ ಮಾತ್ರ ವಾಪಸ್ ಬರ್ತಿದ್ದೆ.

ಸಾವ್ಕಾರ್ರು ಅಂದರೆ ರೇವಣಸಿದ್ದಪ್ಪ. ಹಳೇಬೀಡಿನಲ್ಲಿ ಅವರದು ಗೊಬ್ಬರ ಮತ್ತು ಔಷಧಿ ಅಂಗಡಿ. ಔಷಧಿ ಅಂದರೆ ಹುಳಕ್ಕೆ, ಬೂಜಿಗೆ, ಕಳೆಗೆ ಹೊಡೆಯೋದು. ಹುಲಿಕೆರೆ ದಾರಿಯಲ್ಲಿ ಆರು ಎಕರೆ ಗುತ್ತಿಗೆಗೆ ಹಿಡಿದು ಶುಂಠಿಯನ್ನೂ ಹಾಕಿಸುತ್ತಿದ್ದರು. ಅಜ್ಜಿ ಆ ಹೊಲಕ್ಕೆ ಹೋಗುತ್ತಿದ್ದಳು. ನಾನು ಅಂಗಡಿಗೆ.

ಹೋದ ವರ್ಷ ಔಷಧಿ ಮಾರೋರಿಗೆಲ್ಲ ಬೇಲೂರಿನಲ್ಲಿ ಒಂದು ದಿನದ ತರಬೇತಿ ಇಟ್ಟರು. ಸಾವ್ಕಾರ್ರಿಗೆ ಪುರುಸೊತ್ತಿರಲಿಲ್ಲ.

"ನೀನೇ ಹೋಗಿ ಕುಂತ್ಕೊಳಮ್ಮಿ. ಊಟನೂ ಹಾಕ್ತಾರೆ" ಅಂದರು.

"ಹೆಸ್ರು ಕೂಗಿದ್ರೆ?"

"ರೇವಣಸಿದ್ದಪ್ಪ ಅಂದಾಗ ಕೈ ಎತ್ತು."

ಎತ್ತಿದೆ. ಸಭೆ ಗೊಳ್ಳೆಂದು ನಕ್ಕಿತು. ಪಾಠ ಮಾಡೋಕೆ ಬಂದಿದ್ದ ಮೇಧಿನಿ ಮೇಡಂ ನಗಲಿಲ್ಲ. "ಯಾರಾದ್ರೂ ಕಲೀಲಿ ಬಿಡಿ" ಅಂದರು.

ನಾನು ಕಲಿತೆ. ಪ್ರತಿ ಡಬ್ಬದ ಲೇಬಲ್ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರುತ್ತೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಇದ್ದರೆ ಕಡುವಿಷ, ಮೇಲೆ ತಲೆಬುರುಡೆ. ಆಮೇಲೆ ಹಳದಿ. ಆಮೇಲೆ ನೀಲಿ. ಕಡೆಗೆ ಹಸಿರು. ಹಸಿರೂ ಕುಡಿಯೋದಲ್ಲ, ಆದರೆ ಎಲ್ಲಕ್ಕಿಂತ ಕಮ್ಮಿ. ಲೇಬಲ್ಲಿನಲ್ಲಿ ವಿಷ ಏರಿದರೆ ಏನೇನಾಗುತ್ತೆ ಅಂತ ಇರುತ್ತೆ. ಅದರ ಕೆಳಗೆ ಪ್ರತಿವಿಷ ಯಾವುದು ಅಂತ ಇರುತ್ತೆ. "ಆ ಒಂದು ಸಾಲು ಡಾಕ್ಟರಿಗೆ ಅಂತ್ಲೇ ಬರೆದಿರೋದು. ಲೇಬಲ್ ಕೀಳಬೇಡಿ. ಕಿತ್ತರೆ ಡಾಕ್ಟರ ಕಣ್ಣು ಕಿತ್ತ ಹಾಗೆ" ಅಂದರು ಮೇಡಂ. ಖಾಲಿ ಡಬ್ಬವನ್ನು ಮೂರು ಸಲ ತೊಳೆದು, ತೂತು ಹೊಡೆದು, ಗುಂಡಿ ತೋಡಿ ಹೂಳಬೇಕು ಅಂತಲೂ ಅಂದರು.

ಸಂಜೆ ಬಂದು ಅಜ್ಜಿಗೆ ಎಲ್ಲಾ ಹೇಳಿದೆ. ಅವಳು ಬೆರಳು ಮಡಿಚಿದಳು.

"ನಾಕು ಜಾತಿ ಅನ್ನು."

"ಹ್ಞೂಂ ಕಣಜ್ಜಿ."

"ನಾಕ್ರಿಂದ ಆಚೇವು?"

"ಆಚೆ ಯಾವೂ ಇಲ್ಲ."

"ಪರವಾಗಿಲ್ಲ. ವಿಷಕ್ಕೆ ಊರಾಚೆ ಕೇರಿ ಇಲ್ಲ" ಅಂದು ಎಲೆಯಡಿಕೆ ಉಗುಳಿದಳು.

ಸರ್ಟಿಫಿಕೇಟು ಸಾವ್ಕಾರ್ರ ಹೆಸರಿನಲ್ಲಿ ಬಂತು. ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಬಿಟ್ಟರು. ಅದಕ್ಕೆ ಊದುಬತ್ತಿ ಹಚ್ಚೋ ಕೆಲಸವೂ ನನ್ನದೇ ಆಯಿತು.

ಇನ್ನೊಂದು ಕೆಲಸ ಇತ್ತು. ಅದನ್ನು ಹೇಳೋಕೆ ನಾಲಿಗೆ ತಡೆಯುತ್ತೆ. ತೋಟದವರು ಬಳಸಿ ಬಿಸಾಡಿದ ಐದು ಲೀಟರಿನ ಖಾಲಿ ಕ್ಯಾನುಗಳನ್ನು ಸಾವ್ಕಾರ್ರು ವಾಪಸ್ ತರಿಸುತ್ತಿದ್ದರು. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ. ಸಂಜೆ ಅದರಲ್ಲಿ ಕ್ಯಾನು ಮುಳುಗಿಸಿ ಕಲ್ಲು ಹೇರಬೇಕು. ಬೆಳಿಗ್ಗೆಗೆ ಅಂಟು ಬಿಡುತ್ತೆ. ಉಳಿದದ್ದನ್ನು ತೆಂಗಿನ ಕರಟದಿಂದ ಕೆರೆಯಬೇಕು. ಬೋಳು ಕ್ಯಾನುಗಳನ್ನು ಡೀಸೆಲಿಗೆ, ನೀರಿಗೆ ಅಂತ ಜನ ದುಡ್ಡು ಕೊಟ್ಟು ಒಯ್ಯುತ್ತಿದ್ದರು.

"ಕೀಳಬಾರದಂತೆ ಸಾವ್ಕಾರ್ರೆ. ಮೇಡಂ ಹೇಳಿದ್ರು" ಅಂದಿದ್ದೆ.

"ಬುರುಡೆ ಚಿತ್ರ ಇರೋದನ್ನ ಯಾವನು ಮನೆಗೆ ಒಯ್ತಾನೆ? ಕೆರಿ ಕೆರಿ. ಸರ್ಟಿಫಿಕೇಟ್ ತಗೊಂಡಿರೋನು ನಾನು."

ಕೆರೆದೆ. ಬೆರಳ ತುದಿ ಸುಲಿಯಿತು. ಉಗುರಿನ ಸಂದಿಗೆ ಸೇರಿದ ವಾಸನೆ ಸೋಪಿಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ತೊಟ್ಟಿಯ ಮೇಲೆ ಲೇಬಲ್ಲುಗಳು ತೇಲುತ್ತಿದ್ದವು. ಕೆಂಪು, ಹಳದಿ, ನೀಲಿ, ಹಸಿರು. ಬಿಸಿಲು ಬಿದ್ದರೆ ಚೆಂದ ಕಾಣುತ್ತಿತ್ತು. ನಾನು ಕರಟ ಹಿಡಿದು ನಿಂತು ನೋಡುತ್ತಿದ್ದೆ. ಅದನ್ನೂ ಹೇಳಿಬಿಡಬೇಕು. ನನಗೆ ಚೆಂದ ಕಾಣುತ್ತಿತ್ತು.

ಈಗ ಹೊಲದ ಮಾತು. ಶುಂಠಿ ಬೀಜವನ್ನು ನಾಟಿ ಮಾಡೋಕೆ ಮುಂಚೆ ಔಷಧಿ ಕಲಸಿದ ಡ್ರಮ್ಮಿನಲ್ಲಿ ಅರ್ಧ ಗಂಟೆ ಅದ್ದಿಡಬೇಕು. ಆಮೇಲೆ ಬಾಚಿ ತೆಗೆದು ನೆರಳಲ್ಲಿ ಹರಡಬೇಕು. ಏಳು ಜನ ಹೆಂಗಸರು. ಕೈಗೆ ಗವಸಿಲ್ಲ. ಮೊಣಕೈವರೆಗೂ ಮುಳುಗಿಸಿ ಎತ್ತೋದು, ಮುಳುಗಿಸಿ ಎತ್ತೋದು. ಅಜ್ಜಿಯ ಅಂಗೈ ಗೆರೆ ಅಳಿಸಿ ನುಣ್ಣಗಾಗಿತ್ತು. ಆಧಾರ್ ಯಂತ್ರ ಅವಳ ಹೆಬ್ಬೆಟ್ಟು ಹಿಡಿಯುತ್ತಿರಲಿಲ್ಲ.

ನೀರು ಪಂಪ್‌ಮನೆಯಲ್ಲಿತ್ತು. ಸ್ಟೀಲಿನ ಕೊಳಗ, ಮೇಲೆ ಮುಚ್ಚಳ. ನಮ್ಮವರು ಮುಟ್ಟೋ ಹಂಗಿಲ್ಲ. ಹೊಲ ನೋಡಿಕೊಳ್ಳುವ ಮೇಸ್ತ್ರಿ ಚೊಂಬಿನಲ್ಲಿ ತಂದು ಎತ್ತರದಿಂದ ಹುಯ್ಯಬೇಕು. ಇವರು ಬಗ್ಗಿ ಬೊಗಸೆ ಒಡ್ಡಬೇಕು. ಆಗತಾನೇ ಡ್ರಮ್ಮಿನಿಂದ ಎತ್ತಿದ ಕೈಯ ಬೊಗಸೆ. ಸೆರಗಿಗೆ ಒರೆಸಿದರೆ ಆಯ್ತು.

ಅಂಗಡಿ ರಜೆಯಿದ್ದ ಒಂದು ದಿನ ಬುತ್ತಿ ಕೊಡೋಕೆ ಹೋದವಳು ಇದನ್ನು ಕಂಡೆ. ಮೈ ಉರಿಯಿತು.

"ಮೇಸ್ತ್ರಿ, ಆ ಕೈಯಲ್ಲಿ ನೀರು ಕುಡಿದ್ರೆ ವಿಷ ಹೊಟ್ಟೆಗೆ ಹೋಗುತ್ತೆ. ಒಂದು ಲೋಟ ಕೊಡಿ."

"ಲೋಟ ಕೊಟ್ರೆ ಆಮೇಲೆ ಅದನ್ನ ಮುಟ್ಟೋರ್ಯಾರು?"

ಅಜ್ಜಿಯ ಜೊತೆ ಕೆಲಸ ಮಾಡುವ ದಿವ್ಯಾ ಬಾಯಿಬಿಡೋಕೆ ಹೆದರೋಳಲ್ಲ. "ಚೊಂಬು ಎತ್ತಿ ಎತ್ತಿ ನಿನ್ ಕೈ ನೋಯ್ತದೆ ಕಣಣ್ಣ, ಪಾಪ. ಪೈಪ್ ಹಾಕಿಸ್ಕೊ" ಅಂದಳು. ಹೆಂಗಸರು ನಕ್ಕರು. ಮೇಸ್ತ್ರಿ ಆವತ್ತು ಮಧ್ಯಾಹ್ನದವರೆಗೂ ನೀರು ಹುಯ್ಯಲಿಲ್ಲ.

ನಮ್ಮಜ್ಜಿ ಇನ್ನು ಯಾರ ಮುಂದೆಯೂ ಬಗ್ಗಬಾರದು ಅಂತ ಆವತ್ತೇ ಗಟ್ಟಿ ಮಾಡಿಕೊಂಡೆ. ಅವಳದೇ ನೀರು, ಅವಳದೇ ಕ್ಯಾನು.

ಮನೆಯಲ್ಲಿದ್ದ ಬಾಟಲಿ ಸಣ್ಣವು. ಅಷ್ಟು ಬಿಸಿಲಿಗೆ ಎಲ್ಲಿ ಸಾಕು? ಹಿತ್ತಲಲ್ಲಿ ಒಂದು ಬಿಳಿ ಕ್ಯಾನಿತ್ತು. ದಪ್ಪ, ಗಟ್ಟಿ ಹಿಡಿ, ಮುಚ್ಚಳ ಬಿಗಿಯಾಗಿ ಕೂರುತ್ತಿತ್ತು. ತೊಟ್ಟಿಯಲ್ಲಿ ಎಲ್ಲಾ ಒಟ್ಟಿಗೆ ನೆನೆದಿದ್ದವು. ಯಾವ ಲೇಬಲ್ ಯಾವ ಕ್ಯಾನಿನದು ಅಂತ ಹೇಳೋಕಾಗಲ್ಲ.

"ಸಾವ್ಕಾರ್ರೆ, ಇದು ಯಾವ ಬಣ್ಣದ್ದು? ನಮ್ಮಜ್ಜಿಗೆ ನೀರಿಗೆ ಬೇಕಿತ್ತು."

ಅವರು ಫೋನಿನಲ್ಲಿದ್ದರು. ತಲೆ ಎತ್ತಲಿಲ್ಲ. "ಹಸಿರು. ತಗೊಂಡ್ಹೋಗು."

ಮೂರು ಸಲ ತೊಳೆಯಬೇಕು ಅಂದಿದ್ದರಲ್ಲ ಮೇಡಂ. ಅಜ್ಜಿ ಸಾವಿನ ಮನೆಯ ಪಾತ್ರೆಗೂ ಅದನ್ನೇ ಮಾಡುತ್ತಿದ್ದಳು. ಹುಣಸೆಹಣ್ಣು, ಒಲೆ ಬೂದಿ, ಮೂರು ನೀರು. ಮೂರನೇ ನೀರು ಬಿದ್ದರೆ ಯಾವ ಮೈಲಿಗೆಯೂ ನಿಲ್ಲಲ್ಲ ಅನ್ನುತ್ತಿದ್ದಳು. ಮೇಡಂ ಹೇಳಿದ ಮೂರು, ಅಜ್ಜಿ ಹೇಳಿದ ಮೂರು ನನ್ನ ತಲೆಯಲ್ಲಿ ಒಂದೇ ಆಯಿತು. ತೂತು ಹೊಡೆಯೋದು, ಹೂಳೋದು ಎಲ್ಲಿ ಹೋಯಿತೋ. ನೆನಪಿರಲಿಲ್ಲ ಅಂದರೆ ಸುಳ್ಳು. ಇಷ್ಟು ಒಳ್ಳೇ ಕ್ಯಾನಿಗೆ ತೂತು ಯಾಕೆ ಅನ್ನಿಸಿತು. ಬೂದಿ ಹಾಕಿ ಕುಲುಕಿದೆ. ಹುಣಸೆ ಹಾಕಿ ಕುಲುಕಿದೆ. ಮೂರು ನೀರು ಹಾಕಿದೆ. ಮೂಸಿ ನೋಡಿದೆ. ಬೂದಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಆ ಕ್ಯಾನಿನ ಹಿಡಿ ಒಳಗೆ ಟೊಳ್ಳು. ಅದರಲ್ಲಿ ಔಷಧಿ ಗಸಿಗಟ್ಟಿ ಕೂತಿತ್ತು. ನನಗೆ ತಿಳಿಯಲಿಲ್ಲ.

ಎರಡು ದಿನ ಅಜ್ಜಿ ಆ ಕ್ಯಾನನ್ನು ಸೊಂಟದ ಮೇಲೆ ಮಗು ಹೊತ್ತಂಗೆ ಹೊತ್ತು ಹೊಲಕ್ಕೆ ಹೋದಳು. ಮೇಸ್ತ್ರಿ ಚೊಂಬು ತಂದರೆ "ನಂದೈತೆ ಹೋಗಪ್ಪ" ಅಂದಳಂತೆ. ಬೇರೆ ಹೆಂಗಸರಿಗೆ ಕೊಡಲಿಲ್ಲವಂತೆ. "ನನ್ನ ಮೊಮ್ಮಗಳು ತಂದ್ಕೊಟ್ಟಿರೋದು, ನಿಮ್ಮ ಮೊಮ್ಮಕ್ಕಳ್ನ ಕೇಳ್ಕೊಳ್ರೆ" ಅಂತ ಜಂಬ ಬಡಿದಳಂತೆ. ಆ ಜಂಬದಿಂದ ಆರು ಜನ ಉಳಿದರು.

ಮೂರನೇ ದಿನ ಬಿಸಿಲು ಹೆಚ್ಚಿತ್ತು. ನೀರು ಬಿಸಿಯಾಗುತ್ತೆ ಅಂತ ಕ್ಯಾನನ್ನು ಹೊಂಗೆ ಮರದ ಕೆಳಗೆ, ಗೋಣಿಚೀಲದ ಅಡಿ, ಹಿಡಿ ಕೆಳಗಾಗುವಂತೆ ಮಲಗಿಸಿದ್ದಳು. ಟೊಳ್ಳಿನ ಗಸಿ ಕರಗಿ ನೀರಿಗೆ ಇಳಿಯಿತು. ಹನ್ನೊಂದು ಗಂಟೆಗೆ ಬಾಯಿಟ್ಟು ಗಟಗಟ ಕುಡಿದಳು. ಮುಖ ಕಿವುಚಿದಳಂತೆ.

"ಯಾಕಜ್ಜಿ?" ದಿವ್ಯಾ ಕೇಳಿದ್ದಾಳೆ.

"ಬೂದಿ ಕಹಿ ಕಣೆ. ನಮ್ಮ ಸಿಂಧು ಚೆನ್ನಾಗಿ ತಿಕ್ಕವ್ಳೆ" ಅಂದಳಂತೆ. ಮತ್ತೆ ಕುಡಿದಳಂತೆ.

ದಿವ್ಯಾ ಫೋನ್ ಮಾಡಿದಾಗ ನಾನು ಹಿತ್ತಲಲ್ಲಿ ಕರಟ ಹಿಡಿದು ಕೂತಿದ್ದೆ. "ಬಾರೆ ಬೇಗ. ಅಜ್ಜಿ ಬಾಯಲ್ಲಿ ನೊರೆ ಬತ್ತಾ ಐತೆ." ಗೂಡ್ಸ್ ಆಟೋದಲ್ಲಿ ಶುಂಠಿ ಮೂಟೆ ಇಳಿಸಿ ಅಜ್ಜಿಯನ್ನು ಹಾಕಿದರು. ಹಳೇಬೀಡಿನಲ್ಲಿ ನಾನು ಹತ್ತಿಕೊಂಡೆ. ಅವಳ ಮೈಯೆಲ್ಲ ಬೆವರು. ಕಣ್ಣಿನ ಪಾಪೆ ರಾಗಿ ಕಾಳಿನಷ್ಟಾಗಿತ್ತು. ತೋಳಿನ ಮಾಂಸ ಚರ್ಮದ ಕೆಳಗೆ ತಂತಾನೇ ಕುಣಿಯುತ್ತಿತ್ತು. ಬಟ್ಟೆಯಲ್ಲೇ ಆಗಿತ್ತು. ನನ್ನ ಕಂಡು ಸೀರೆ ಸರಿಮಾಡಿಕೊಳ್ಳೋಕೆ ನೋಡಿದಳು. ಕೈ ಬರಲಿಲ್ಲ.

ಬೇಲೂರಿನ ಆಸ್ಪತ್ರೆಯಲ್ಲಿ ತ್ರಿಶಾ ಅಂತ ಡಾಕ್ಟರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಅಷ್ಟೇ. ಕಣ್ಣು ನೋಡಿದ ತಕ್ಷಣ ಇಂಜೆಕ್ಷನ್ ಶುರು ಮಾಡಿದರು.

"ಏನು ಕುಡಿದ್ರು?"

"ನೀರು ಮೇಡಂ."

"ಯಾವುದರಲ್ಲಿ?"

ದಿವ್ಯಾ ಕ್ಯಾನು ತಂದಿದ್ದಳು. ಡಾಕ್ಟರು ಅದನ್ನು ತಿರುಗಿಸಿದರು. ಸುತ್ತ ಬೋಳು. ಹಿಡಿ ಕೆಳಗೆ ಮಾಡಿ ಒಂದು ಬಟ್ಟಲಿಗೆ ಬಗ್ಗಿಸಿದರು. ಹಾಲಿನಂಥ ಬಿಳಿ ಇಳಿಯಿತು.

"ಲೇಬಲ್ ಎಲ್ಲಿ?"

ನನ್ನ ಸುಲಿದ ಬೆರಳುಗಳನ್ನು ಮುಷ್ಟಿಯೊಳಗೆ ಮಡಿಚಿಕೊಂಡೆ.

"ಕಣ್ಣು ನೋಡಿ ಅಂದಾಜಿನ ಮೇಲೆ ಕೊಡ್ತಿದೀನಿ ಕಣ್ರೀ. ಯಾವ ಔಷಧಿ ಅಂತ ಗೊತ್ತಾದ್ರೆ ಮುಂದೆ ಏನು ಕೊಡಬೇಕು, ಎಷ್ಟು ಕೊಡಬೇಕು ಗೊತ್ತಾಗುತ್ತೆ. ಹೆಸರು ಬೇಕು ನನಗೆ. ಬೇಗ."

ಸಾವ್ಕಾರ್ರಿಗೆ ಫೋನ್ ಮಾಡಿದೆ. "ಆ ಬಿಳಿ ಕ್ಯಾನು ಯಾವ ಔಷಧಿದು ಹೇಳಿ. ಅಜ್ಜಿ ಆಸ್ಪತ್ರೇಲವ್ಳೆ."

"ಯಾವ ಕ್ಯಾನು?"

"ಹಸಿರು ಅಂದ್ರಲ್ಲ."

"ನಾನ್ಯಾವಾಗ ಅಂದೆ? ನಮ್ಮ ಅಂಗಡೀಲಿ ಖಾಲಿ ಕ್ಯಾನು ಕೊಡಲ್ಲ."

ಫೋನ್ ಇಟ್ಟರು. ಮತ್ತೆ ಮಾಡಿದೆ. ಡಾಕ್ಟರೂ ಅವರ ಫೋನಿನಿಂದ ಮಾಡಿದರು. ಸ್ವಿಚ್ ಆಫ್. ದಿವ್ಯಾಳನ್ನು ಬಸ್ಸಿಗೆ ಹತ್ತಿಸಿ ಅಂಗಡಿಗೆ ಕಳಿಸಿದೆ. ಬಾಗಿಲು ಹಾಕಿತ್ತು. ಅವಳು ಹಿತ್ತಲ ಗೋಡೆ ಹಾರಿ ನೋಡಿದಳು. ತೊಟ್ಟಿ ಖಾಲಿ. ಪಕ್ಕದಲ್ಲಿ ಸುಟ್ಟ ಕಾಗದದ ಬೂದಿ.

ಅಜ್ಜಿ ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಹೋದಳು. ಕಡೆಗೆ ಏನೂ ಹೇಳಲಿಲ್ಲ. ಬಾಯಲ್ಲಿ ನಳಿಕೆ ಇತ್ತು.

ಒಂಬತ್ತಕ್ಕೆ ಸಾವ್ಕಾರ್ರು ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಆಸ್ಪತ್ರೆಯ ಜಗಲಿಯಲ್ಲಿ ನಾನೊಬ್ಬಳೇ ಇದ್ದೆ. ಕ್ಯಾನು ನನ್ನ ಕಾಲ ಬಳಿ ಇತ್ತು. ಪೊಲೀಸಿನವರು ಬರೋತನಕ ಯಾರಿಗೂ ಕೊಡಬೇಡಿ ಅಂದಿದ್ದರು ಡಾಕ್ಟರು.

"ಆಗಬಾರದಿತ್ತು" ಅಂದರು. ನನ್ನ ಪಕ್ಕ ಕೂರಲಿಲ್ಲ, ಕಂಬಕ್ಕೆ ಒರಗಿದರು. "ಪೊಲೀಸ್ನೋರು ಬತ್ತವ್ರೆ. ಕೇಳಿಸ್ಕೊ. ಕೊಟ್ಟೋಳು ನೀನು. ಕೇಸು ಅಂತ ಬಿದ್ರೆ ನಿನ್ನ ಕುತ್ತಿಗೆಗೇ ಮೊದ್ಲು. ಅಜ್ಜಿ ಹೋದ್ಲು, ನಿನ್ ಜೀವನ ಯಾಕೆ ಹಾಳಾಗ್ಬೇಕು?"

ಜುಬ್ಬದ ಜೇಬಿನಿಂದ ಮಡಿಚಿದ ಪ್ಲಾಸ್ಟಿಕ್ ತೆಗೆದರು. ಒಳಗೆ ಒಂದು ಲೇಬಲ್. ಹೊಸ ಕ್ಯಾನಿನಿಂದ ಹುಷಾರಾಗಿ ಬಿಡಿಸಿದ್ದು. ಜೊತೆಗೆ ಗೋಂದಿನ ಟ್ಯೂಬು.

"ಇದನ್ನ ಅಂಟಿಸ್ಬಿಡು. ನಿಂಗೆ ನೀಟಾಗಿ ಬರುತ್ತೆ. ಲೇಬಲ್ ಇತ್ತು, ಅಜ್ಜಿಗೆ ಓದೋಕೆ ಬರ್ತಿರಲಿಲ್ಲ, ತಾನೇ ಯಾವುದೋ ಕ್ಯಾನು ಎತ್ಕೊಂಡ್ಹೋದ್ಲು. ಅಷ್ಟೇ. ಯಾರಿಗೂ ತೊಂದ್ರೆ ಇಲ್ಲ."

ಲೇಬಲ್ಲನ್ನೂ ಗೋಂದನ್ನೂ ಕೈಗೆ ತಗೊಂಡೆ. ಚೌಕ. ಕೆಳಗಿನ ಅರ್ಧ ಕೆಂಪು. ಮೇಲೆ ಬುರುಡೆ. ಕನ್ನಡದಲ್ಲಿ ಸಾಲು ಸಾಲು. ಬೆವರು, ಜೊಲ್ಲು, ಪಾಪೆ ಕುಗ್ಗುವುದು, ಸ್ನಾಯು ಅದುರುವುದು. ಅಜ್ಜಿಗೆ ಆದದ್ದೆಲ್ಲ ಆದ ಕ್ರಮದಲ್ಲೇ ಅಚ್ಚಾಗಿತ್ತು. ಅದರ ಕೆಳಗೆ ಪ್ರತಿವಿಷದ ಹೆಸರು. ಒಂದಲ್ಲ, ಎರಡು. ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಅಂತಲೂ ಇತ್ತು. ಅಜ್ಜಿ ಸತ್ತು ಎರಡು ಗಂಟೆಯಾದ ಮೇಲೆ ಅದು ನನ್ನ ಕೈಗೆ ಬಂತು.

"ಯಾವುದು ಅಂತ ನಿಮಗೆ ಗೊತ್ತಿತ್ತು" ಅಂದೆ.

ಅವರು ಗೇಟಿನ ಕಡೆ ನೋಡಿದರು.

"ನಿನ್ನೆ ಇದು ಎಲ್ಲಿತ್ತು ಸಾವ್ಕಾರ್ರೆ?"

"ಅದೆಲ್ಲ ಈಗ್ಯಾಕೆ?"

"ಒಂದು ಹೆಸ್ರು ಕೇಳಿದ್ದೆ. ಫೋನಲ್ಲಿ ಒಂದೇ ಹೆಸ್ರು."

"ದನಿ ಎತ್ತಬೇಡ. ನಾನು ನಿನ್ನ ಉಳಿಸೋಕೆ ಬಂದಿದೀನಿ."

ಕ್ಯಾನು ಎತ್ತಿಕೊಂಡು ಒಳಗೆ ಡಾಕ್ಟರ ಹತ್ತಿರ ಓಡಿದೆ. ಲೇಬಲ್ ತೋರಿಸಿದೆ. ಅವರು ಓದಿದರು. "ಒಂದನ್ನ ಕೊಟ್ಟಿದ್ದೆ. ಇನ್ನೊಂದನ್ನ ಕೊಡ್ಲೋ ಬೇಡ್ವೋ ಅಂತ..." ಅಂದು ಅಲ್ಲಿಗೆ ನಿಲ್ಲಿಸಿದರು. ಗೋಡೆ ಕಡೆ ತಿರುಗಿಕೊಂಡರು. "ಕೊಟ್ಟಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ ಸಿಂಧು" ಅಂದರು. ನನ್ನ ಸಮಾಧಾನಕ್ಕೆ ಅಂದರೋ, ಅವರ ಸಮಾಧಾನಕ್ಕೋ.

ಹತ್ತೂವರೆಗೆ ಪೊಲೀಸಿನವರು ಬಂದರು. ಹೆಡ್ ಕಾನ್‌ಸ್ಟೇಬಲ್ಲು, ನರೆತ ಮೀಸೆ. ಸಾವ್ಕಾರ್ರು ಅವರನ್ನು ಮೊದಲೇ ಗೇಟಿನ ಬಳಿ ಕಂಡಿದ್ದರು. ಹೆಡ್ ಕಾನ್‌ಸ್ಟೇಬಲ್ಲು ನನ್ನ ಮುಂದೆ ಕೂತು ತಾವೇ ಬರೆದು, ತಾವೇ ಓದಿದರು. "ಓದು ಬರಹ ಬಾರದ ವೃದ್ಧೆಯು ಕೀಟನಾಶಕದ ಡಬ್ಬದಲ್ಲಿದ್ದ ದ್ರವವನ್ನು ನೀರೆಂದು ಭಾವಿಸಿ ಸೇವಿಸಿ..."

"ಅಲ್ಲ" ಅಂದೆ.

"ಏನಮ್ಮ ಅಲ್ಲ?"

"ಅವಳಿಗೆ ಓದೋಕೆ ಬರ್ತಿರಲಿಲ್ಲ, ನಿಜ. ಓದೋಕೆ ಅಲ್ಲಿ ಏನಿತ್ತು? ಲೇಬಲ್ ನಾನು ಕಿತ್ತಿದ್ದೆ. ಓದೋಕೆ ಬರೋಳು ನಾನು. ನಾನು ಕಿತ್ತೆ. ಕೀಳಿಸಿದೋರು ಇವರು. ಹಸಿರು ಅಂದೋರು ಇವರು. ಡಬ್ಬ ಕೊಟ್ಟೋಳು ನಾನು. ಹೆಸ್ರು ಕೇಳಿದಾಗ ಫೋನ್ ಆಫ್ ಮಾಡಿದೋರು ಇವರು. ಈ ಲೇಬಲ್ ಇವತ್ತು ಬೆಳಿಗ್ಗೆ ಗೋಂದಿನ ಸಮೇತ ತಂದೋರೂ ಇವರೇ."

ಲೇಬಲ್ ಮತ್ತು ಗೋಂದನ್ನು ಮೇಜಿನ ಮೇಲಿಟ್ಟೆ. ಸಾವ್ಕಾರ್ರು ನಕ್ಕರು. "ತಲೆ ಕೆಟ್ಟದೆ ಸಾರ್ ಹುಡುಗಿಗೆ. ಮೊದ್ಲಿಂದಾನೂ ಹಿಂಗೇ. ಕೂತಲ್ಲೇ ಕನಸು ಕಾಣ್ತದೆ."

"ಹೌದು, ಕಾಣ್ತೀನಿ" ಅಂದೆ. "ಇದು ಕಂಡದ್ದಲ್ಲ. ಬರ್ಕೊಳಿ. ಹೊಲದಲ್ಲಿ ಲೋಟ ಕೊಡ್ಲಿಲ್ಲ. ಔಷಧಿ ಕೈಯ ಬೊಗಸೆಗೆ ಮೇಲಿಂದ ಹುಯ್ತಿದ್ರು. ಅದಕ್ಕೇ ಅವಳಿಗೆ ಕ್ಯಾನು ಬೇಕಾಯ್ತು. ಅದನ್ನ ಮೊದಲು ಬರ್ಕೊಳಿ."

ಹೆಡ್ ಕಾನ್‌ಸ್ಟೇಬಲ್ಲು ಪೆನ್ನು ಇಳಿಸಿದರು. "ಲೋಟದ ವಿಷ್ಯ ಇದಕ್ಕೆ ಸೇರಲ್ಲಮ್ಮ."

"ಅದರಿಂದಲೇ ಶುರುವಾಗಿದ್ದು ಸಾರ್."

"ಸಹಿ ಹಾಕಿದ್ರೆ ಬೇಗ ಬಾಡಿ ಕೊಡ್ತಾರೆ. ಬಿಸಿಲು ಏರ್ತಾ ಇದೆ. ಯೋಚನೆ ಮಾಡು."

ಸಹಿ ಹಾಕಲಿಲ್ಲ. ನೆಲದ ಮೇಲೆ ಕೂತೆ. ಮಧ್ಯಾಹ್ನವಾಯಿತು. ಒಳಗೆ ಅಜ್ಜಿ ಕಾಯುತ್ತಿದ್ದಳು, ಹೊರಗೆ ನಾನು. ಒಂದೂವರೆ ಬಸ್ಸಿಗೆ ದಿವ್ಯಾ ಬಂದಳು. ಹಿಂದೆ ಉಳಿದ ಐದು ಜನ ಹೆಂಗಸರೂ. ಆವತ್ತಿನ ಕೂಲಿ ಬಿಟ್ಟು ಬಂದಿದ್ದರು. ಏನೂ ಕೇಳದೆ ನನ್ನ ಪಕ್ಕ ಸಾಲಾಗಿ ಕೂತರು. ಸಾವ್ಕಾರ್ರು ಅವರ ಮುಖ ನೋಡಿ, "ನಾಳೆಯಿಂದ ಹೊಲಕ್ಕೆ ಬರೋದು ಬೇಡ" ಅಂದರು.

"ನಾವೇ ಬರಲ್ಲ ಬಿಡಿ" ಅಂದಳು ದಿವ್ಯಾ. "ಸಾರ್, ಲೋಟ ಕೊಡ್ದೇ ಇದ್ದಿದ್ದು ನಾವೂ ಹೇಳ್ತೀವಿ. ಏಳು ಜನದಲ್ಲಿ ಆರು ಜನ ಇದೀವಿ. ಬರ್ಕೊಳಿ."

ಡಾಕ್ಟರು ಒಳಗಿನಿಂದ ಬಂದು ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟರು. ಎಷ್ಟು ಹೊತ್ತಿಗೆ ಫೋನ್ ಮಾಡಿದ್ದರು, ಎಷ್ಟು ಸಲ ಮಾಡಿದ್ದರು ಅಂತ ಅದರಲ್ಲಿತ್ತು. ವಾಪಸ್ ವಾರ್ಡಿಗೆ ಹೋದರು.

ಹೆಡ್ ಕಾನ್‌ಸ್ಟೇಬಲ್ಲು ಮೀಸೆ ಸವರಿದರು. ಆಮೇಲೆ ಮೊದಲಿನ ಹಾಳೆ ಹರಿದರು. ಹೊಸ ಹಾಳೆ ತೆಗೆದರು.

"ಹಿಂಗೆ ಬರೆದ್ರೆ ಮೊದಲನೇ ಹೆಸರು ನಿಂದೇ ಬರುತ್ತೆ ಕಣಮ್ಮ. ಇವರದು ಆಮೇಲೆ. ನಿನಗೆ ಗೊತ್ತಾಗ್ತಿದೆಯಾ?"

"ಗೊತ್ತಾಗ್ತಿದೆ."

"ಇವರು ವಕೀಲರನ್ನ ಇಡ್ತಾರೆ. ಆಚೆ ಬರ್ತಾರೆ. ನೀನು?"

"ಬರೀರಿ ಸಾರ್."

ಅವರು ಬರೆದರು. ನಾನು ಪಕ್ಕದಲ್ಲಿ ನಿಂತು ಪ್ರತಿ ಸಾಲು ಓದಿದೆ. ಲೋಟ ಅನ್ನೋ ಮಾತು ಬರೋತನಕ ಕಾದೆ. ಬಂತು. ಸಾವ್ಕಾರ್ರ ಹೆಸರು ಪೂರ್ತಿ ಬರೆದರಾ ನೋಡಿದೆ. ಬರೆದಿದ್ದರು. ಸಹಿ ಹಾಕಿದೆ.

ಆಮೇಲೆ ಕೇಳೋಕೆ ಒಂದೇ ಮಾತು ಉಳಿದಿತ್ತು.

"ಮಣ್ಣು ಹಾಕೋಕೆ ನಂಗೆ ಬಿಡ್ತೀರಾ ಸಾರ್? ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ."

ಅವರು ಹಾಳೆಗಳನ್ನು ಜೋಡಿಸುತ್ತಾ ಇದ್ದರು. ತಲೆ ಎತ್ತಲಿಲ್ಲ.

"ಹೋಗು. ಮುಗಿಸ್ಕೊಂಡು ಸ್ಟೇಷನ್ನಿಗೆ ಬಾ" ಅಂದರು.